ಬೂಟು ಬಿಚ್ಚಿದವರ ಊರು

ಹೋದ ತಿಂಗಳು ಇಲಾಖೆಯ ಟ್ರೈನಿಂಗ್ ಇದೆ ಅಂತ ಹೊನ್ನಾಳಿಗೆ ಹೋಗಬೇಕಾಯಿತು. ಬಸ್ಸಿನಲ್ಲಿ ನನ್ನ ಪುಣ್ಯಕ್ಕೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಊರು ಹತ್ತಿರ ಬರುತ್ತಿದ್ದಂತೆ ಟಾರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿದ್ದರು. ಡ್ರೈವರು ಗೊಣಗುತ್ತಾ ಬಸ್ಸನ್ನು ಆಚೆ ಮಗ್ಗುಲಿಗೆ ಇಳಿಸಿದ. ಬಿಸಿಲಿಗೆ ಕಾದ ಹೊಸ ಜೋಳಕ್ಕೆ ಒಂದು ವಾಸನೆ ಇರುತ್ತದೆ. ಹಿಟ್ಟಿನ ಗಿರಣಿ ಬಾಗಿಲಲ್ಲಿ ನಿಂತ ಹಾಗೆ, ಆದರೆ ಸ್ವಲ್ಪ ಹಸಿ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಿಟಕಿಯ ಗಾಜು ಎಳೆದುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಸುಮ್ಮನಿರಲು ಆಗಲಿಲ್ಲ. "ಯಾವೂರಾತ್ರೀ ನಿಮ್ದು?" ಅಂದಳು. ಹೇಳಿದೆ. ಆಕೆ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡು ನಗುತ್ತಾ, "ಓ, ಆ ಬೂಟು ಬಿಚ್ಚಿದೋರ ಊರೇನ್ರೀ? ನನ್ನ ತಮ್ಮ ಮೊಬೈಲಾಗೆ ತೋರ್ಸಿದ್ದ" ಅಂದಳು.

"ಹೌದ್ರೀ, ಅದೇ ಊರು. ಬಿಚ್ಚಿದೋನು ನನ್ನ ಮೈದ್ನ. ಬಿಚ್ಚಾಕೆ ಕಲಿಸಿದೋಳು ನಾನು" ಅಂದೆ. ಆಕೆ ನಗು ನಿಲ್ಲಿಸಿ ಚೀಲದೊಳಗೆ ಏನೋ ಹುಡುಕತೊಡಗಿದಳು. ನಾಲ್ಕು ವರ್ಷವಾಯಿತು, ಜನ ಇನ್ನೂ ಅದನ್ನೇ ನೆನೆದು ನಗುತ್ತಾರೆ. ನಗಲಿ. ಆ ವರ್ಷ ಏನಾಯಿತು ಅಂತ ನಗುವವರಿಗೆ ಗೊತ್ತಿಲ್ಲ, ನನಗೆ ಗೊತ್ತು.

ನಮ್ಮೂರು ಚನ್ನಗಿರಿ ತಾಲ್ಲೂಕಿನದು. ಸಂತೇಬೆನ್ನೂರಿನ ಸಂತೆಗೆ ನಡೆದೇ ಹೋಗಿ ನಡೆದೇ ಬರಬಹುದು. ನಾನು ಊರಿನ ಅಂಗನವಾಡಿ ಟೀಚರ್. ನಮ್ಮ ಅಂಗನವಾಡಿ ಇರುವುದು ಹೈಸ್ಕೂಲ್ ಮೈದಾನದ ಮೂಲೆಯಲ್ಲಿ. ಈಗ ಯಾರ ಮನೆಗೂ ಕಣ ಅಂತ ಉಳಿದಿಲ್ಲ. ಹಾಗಾಗಿ ದೀಪಾವಳಿ ಮುಗಿದ ಮೇಲೆ ಸಂಕ್ರಾಂತಿಯವರೆಗೆ ಆ ಮೈದಾನವೇ ಇಡೀ ಊರಿಗೆ ಕಣ. ತೆನೆ ಮಷಿನ್‌ಗೆ ಕೊಟ್ಟು, ಕಾಳು ತಂದು, ಟಾರ್ಪಾಲಿನ ಮೇಲೆ ಹರಡುತ್ತಾರೆ. ಯಾರ ಜೋಳ ಎಲ್ಲಿ ಅಂತ ಎಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತು. ನಮ್ಮತ್ತೆ ರುದ್ರಮ್ಮನವರ ಜಾಗ ಅಂಗನವಾಡಿಯ ಮುಂದೆ, ಮೈದಾನದ ಎಡಗಡೆಯ ಅಂಚಿಗೆ.

ಹರಡಿದ ಜೋಳ ಹಾಗೇ ಬಿಟ್ಟರೆ ಮೇಲಿನದಷ್ಟೇ ಒಣಗುತ್ತದೆ. ಗಂಟೆಗೊಮ್ಮೆ ಕಾಲಾಡಿಸಬೇಕು. ಬರಿಗಾಲಲ್ಲಿ ಜೋಳದೊಳಗೆ ಇಳಿದು, ಪಾದ ಎತ್ತದೆ ಜಾರಿಸುತ್ತಾ, ಒಂದು ಸಾಲು ಆ ತುದಿಗೆ, ಇನ್ನೊಂದು ಸಾಲು ಈ ತುದಿಗೆ. ಹೆಂಗಸರು ಕೈ ಹಿಂದೆ ಕಟ್ಟಿಕೊಂಡು, ಮನೆಮಾತು ಆಡಿಕೊಂಡು, ದಿನಕ್ಕೆ ಐದಾರು ಸಲ ಹೀಗೆ ನಡೆಯುತ್ತಾರೆ. ಚಪ್ಪಲಿ ಅಂಚಿನಲ್ಲೇ ಉಳಿಯುತ್ತದೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಮ್ಮ ಅಂಗನವಾಡಿಯ ಮೂರು ವರ್ಷದ ಕೂಸೂ ಕಾಳು ಕಂಡರೆ ಚಪ್ಪಲಿ ಬಿಡುತ್ತದೆ.

ಇಂಥ ಊರಿಗೆ ಫುಟ್‌ಬಾಲ್ ಬಂದದ್ದು ಒಬ್ಬ ಪಿ.ಟಿ. ಮೇಷ್ಟ್ರಿಂದ. ಕರಾವಳಿ ಕಡೆಯಿಂದ ಬಂದಿದ್ದರು. ಕಬಡ್ಡಿ, ವಾಲಿಬಾಲ್ ಬಿಟ್ಟು ಬೇರೆ ಗೊತ್ತಿಲ್ಲದ ಹುಡುಗರಿಗೆ ಐದು ವರ್ಷ ಕಾಲಲ್ಲಿ ಚೆಂಡು ಆಡಿಸಲು ಕಲಿಸಿ, ವರ್ಗವಾಗಿ ಹೋಗುವಾಗ ಎರಡು ಹಳೇ ಚೆಂಡು ಬಿಟ್ಟುಹೋದರು. ಆ ಹುಡುಗರು ಬೆಳೆದು ಕೆಲಸಕ್ಕೆ ಸೇರಿದ ಮೇಲೂ ಆಟ ಬಿಡಲಿಲ್ಲ. ಕ್ಯಾಪ್ಟನ್ ಸಿದ್ದು, ಕಾಲೋನಿಯವನು, ತ್ಯಾವಣಿಗೆಯ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವರ ಮನೆಯಲ್ಲಿ ಬಾಗಿಲು ತೆಗೆದ ಕೂಡಲೇ ಎದುರಿಗೆ ಬುದ್ಧನ ಪಟ. ನನ್ನ ಮೈದುನ ಹಾಲೇಶ ಜೋಳ ಬಿಡಿಸುವ ಮಷಿನ್ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಎಡಗಡೆಯ ಬ್ಯಾಕ್ ಆಡುವವನು. ಮಾತು ಕಡಿಮೆ, ಓಟ ಜಾಸ್ತಿ. ಇವರೆಲ್ಲ ಸಾಯಂಕಾಲ ಕೆಲಸ ಬಿಟ್ಟು ಬಂದು, ಜೋಳ ಹರಡಿ ಉಳಿದ ನಡುವಿನ ಪಟ್ಟಿಯಲ್ಲಿ ಆಡುತ್ತಿದ್ದರು.

ನಾನು ಅವರ ಸಪೋರ್ಟರ್ ಆದದ್ದು ಜಗಳದಿಂದ. ಒಂದು ದಿನ ಅವರ ಚೆಂಡು ನಮ್ಮ ಅಂಗನವಾಡಿಯ ಹೆಂಚು ಒಡೆಯಿತು. ಮಾರನೆಯ ದಿನ ಅತ್ತೆಯ ಜೋಳದ ನಟ್ಟನಡುವೆ ಬಿತ್ತು. ಸಿದ್ದು ಆಟದ ಭರದಲ್ಲಿ ಮುಳ್ಳಿನ ಬೂಟು ಹಾಕಿಕೊಂಡೇ ಒಳಗೆ ಓಡಿ ಬಂದ. ಅತ್ತೆ ಚೆಂಡು ಎತ್ತಿ ಸೆರಗಿನೊಳಗೆ ಇಟ್ಟುಕೊಂಡರು.

"ಉಣ್ಣೋ ಕಾಳಿನ ಮ್ಯಾಲೆ ಬೂಟು ಹಾಕ್ಕೊಂಡು ಬರ್ತೀಯೇನೋ? ನಿಮ್ಮವ್ವ ಇದ್ನೇ ಹೇಳ್ಕೊಟ್ಟಾಳೇನು?"

"ತಪ್ಪಾತಮ್ಮ, ಆಟದಾಗೆ ಗೊತ್ತಾಗ್ಲಿಲ್ಲ. ಬಾಲ್ ಕೊಡ್ರಿ" ಅಂದ ಸಿದ್ದು.

ಅತ್ತೆ ಕೊಡಲಿಲ್ಲ. ಇಡೀ ಮೈದಾನದ ಹೆಂಗಸರು ಬಂದು ಅತ್ತೆಯ ಹಿಂದೆ ನಿಂತರು. ಟೀಮಿನವರು ಸಿದ್ದುವಿನ ಹಿಂದೆ ನಿಂತರು. ನಡುವೆ ನಾನು. ಮೂವತ್ತು ಮಕ್ಕಳನ್ನು ಸಂಭಾಳಿಸುವವಳಿಗೆ ಇದೇನು ಮಹಾ ಅನ್ನಿಸಿತು. ಅಲ್ಲೇ ಒಂದು ಕಾನೂನು ಮಾಡಿ, ಅಂಗನವಾಡಿಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಚೆಂಡು ಜೋಳಕ್ಕೆ ಬಿದ್ದರೆ ಹತ್ತಿರ ಇದ್ದವನು ಅಂಚಿನಲ್ಲಿ ಬೂಟು ಬಿಚ್ಚಬೇಕು. ಬರಿಗಾಲಲ್ಲಿ ಹೋಗಿ ತರಬೇಕು. ಬರುವಾಗ ಒಂದು ಸಾಲು ಪೂರ್ತಿ ಕಾಲಾಡಿಸಿಕೊಂಡು ಬರಬೇಕು. ಅತ್ತೆ ಓದಿಸಿ ಕೇಳಿ, "ಹಂಗಾರೆ ಸರಿ" ಅಂತ ಚೆಂಡು ಕೊಟ್ಟರು.

ನನ್ನ ಕಾನೂನು ಆ ಟೀಮಿನ ಆಟವನ್ನೇ ಬದಲಿಸಿತು. ಚೆಂಡು ಮೇಲಕ್ಕೆ ಹೊಡೆದರೆ ಜೋಳಕ್ಕೆ ಬೀಳುವುದು ಗ್ಯಾರಂಟಿ. ಬಿದ್ದರೆ ಆಟ ನಿಲ್ಲುತ್ತದೆ, ಕಾಲು ಸೋಲುತ್ತದೆ. ಹದಿನೈದು ದಿನದಲ್ಲಿ ಎಲ್ಲರೂ ಚೆಂಡನ್ನು ನೆಲ ಬಿಡಿಸದೆ, ಒಬ್ಬನ ಕಾಲಿಂದ ಇನ್ನೊಬ್ಬನ ಕಾಲಿಗೆ, ಎರಡು ಮಾರು ಮೂರು ಮಾರು ದೂರಕ್ಕೆ ತಳ್ಳಿಕೊಂಡು ಆಡುವುದನ್ನು ಕಲಿತರು. ಎಡಗಡೆ ಅಂಚಿಗಿದ್ದವನು ಹಾಲೇಶ. ಹಾಗಾಗಿ ಬಿದ್ದ ಚೆಂಡು ತರುವ ಪಾಳಿ ಹೆಚ್ಚಾಗಿ ಅವನದೇ. ಅವನ ಬೂಟು ಒಂದು ಅಳತೆ ದೊಡ್ಡದು, ಯಾರೋ ಬಿಟ್ಟದ್ದು. ಜಾರದಿರಲೆಂದು ಲೇಸನ್ನು ಅಡಿಗೆ ಒಂದು ಸುತ್ತು, ಕಾಲಿನ ಗಿಣ್ಣಿಗೆ ಎರಡು ಸುತ್ತು ಸುತ್ತಿ ಗಂಟು ಹಾಕುತ್ತಿದ್ದ. ಬಿಚ್ಚಲು ಹೊತ್ತು ಹಿಡಿಯುತ್ತಿತ್ತು. ಆದರೂ ಒಂದು ದಿನ ಮುಖ ಸಿಂಡರಿಸಲಿಲ್ಲ. ಆ ಹಂಗಾಮಿನಲ್ಲಿ ಅತ್ತೆಯ ಜೋಳಕ್ಕೆ ಅತ್ತೆಗಿಂತ ಅವನೇ ಜಾಸ್ತಿ ಕಾಲಾಡಿಸಿದ.

ಕಾರ್ತಿಕದ ಕೊನೆಗೆ ಸೈಕ್ಲೋನ್ ಅಂತ ಸುದ್ದಿಯಾಯಿತು. ಒಂದು ಸಾಯಂಕಾಲ ಆಟದ ಮಧ್ಯದಲ್ಲಿ ಪಡುವಣದಿಂದ ಮೋಡ ಕಪ್ಪಗೆ ಏರಿ ಬಂತು. ಮನೆಗಳಿಂದ ಗಂಡಸರು ಬಂದು ಸೇರುವಷ್ಟು ಪುರುಸೊತ್ತು ಇರಲಿಲ್ಲ. ಸಿದ್ದು ಚೆಂಡನ್ನು ಒದ್ದು ಅತ್ತ ತಳ್ಳಿ, "ಬೂಟ್ ಬಿಚ್ರೋ" ಅಂದ. ಹನ್ನೊಂದು ಜನವೂ ಬರಿಗಾಲಲ್ಲಿ ಇಳಿದರು. ಯಾರ ಜೋಳ ಅಂತ ನೋಡದೆ ರಾಶಿ ಮಾಡಿದರು, ಟಾರ್ಪಾಲು ಎಳೆದರು, ಅಂಚಿಗೆ ಕಲ್ಲು ಹೇರಿದರು. ಕೊನೆಯ ರಾಶಿ ಮುಚ್ಚುವಾಗ ಮಳೆ ಹೊಯ್ಯಿತು. ಎಲ್ಲರೂ ನಮ್ಮ ಅಂಗನವಾಡಿಯೊಳಗೆ ಬಂದು ತೊಯ್ದುಕೊಂಡು ನಿಂತಾಗ, ಅತ್ತೆ ತಮ್ಮ ಸೆರಗಿನಿಂದ ಸಿದ್ದುವಿನ ತಲೆ ಒರೆಸಿದರು. ನಮ್ಮತ್ತೆ ಕಾಲೋನಿಯ ಹುಡುಗನ ತಲೆ ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮರುದಿನದಿಂದ ಹೆಂಗಸರು ಕಾಲಾಡಿಸುತ್ತಾ ಆಟ ನೋಡತೊಡಗಿದರು. ಆಫ್‌ಸೈಡ್ ಅಂದರೇನು ಅಂತ ನನಗಿಂತ ಮೊದಲು ಅತ್ತೆಗೆ ತಿಳಿಯಿತು.

ಪುಷ್ಯದಲ್ಲಿ ಹೊನ್ನಾಳಿಯಲ್ಲಿ ನಾಲ್ಕು ತಾಲ್ಲೂಕಿನ ಟೂರ್ನಮೆಂಟ್ ಇಟ್ಟರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಪಟ್ಟಣದಿಂದ ಟೀಮು. ಹಳ್ಳಿಯದು ಅಂತ ನಮ್ಮದೊಂದೇ. ಮೊದಲ ಮ್ಯಾಚ್ ಚನ್ನಗಿರಿಯವರ ಮೇಲೆ ಬಿತ್ತು. ಅವರಿಗೆ ಬಿಳಿ ಜೆರ್ಸಿ, ಬಿಳಿ ಕಾಲ್ಚೀಲ, ಸೀಟಿ ಹಿಡಿದ ಕೋಚ್. ನಮ್ಮವರಿಗೆ ನಾನು ಬಣ್ಣ ಹಾಕಿದ ಹಳದಿ ಬನಿಯನ್ನು, ಬೆನ್ನಿಗೆ ಅಂಗನವಾಡಿಯ ಅಂಕಿಯ ಅಚ್ಚಿಟ್ಟು ಬರೆದ ನಂಬರು. ಬೆವರಿಗೆ ಬಣ್ಣ ಬಿಟ್ಟು ಎಲ್ಲರ ಕುತ್ತಿಗೆ ಅರಿಸಿನ ಹಚ್ಚಿದ ಮದುಮಕ್ಕಳ ಹಾಗಾಗಿತ್ತು. ಚನ್ನಗಿರಿಯ ಕಡೆಯವರು ನೋಡಿ ನಕ್ಕರು. ಅರ್ಧ ಗಂಟೆ ಆದ ಮೇಲೆ ನಗುವುದನ್ನು ಬಿಟ್ಟರು. ಅವರು ಚೆಂಡು ಮೇಲೆ ಹಾರಿಸುತ್ತಿದ್ದರು, ನಮ್ಮವರು ಅದನ್ನು ಕೆಳಗಿಳಿಸಿ ಅವರ ಕಾಲಸಂದಿಯಲ್ಲೇ ದಾಟಿಸಿಕೊಂಡು ಹೋಗುತ್ತಿದ್ದರು. ಎರಡು ಗೋಲು ಹೊಡೆದು ಗೆದ್ದೆವು. ನನಗೆ ಆ ದಿನ ಆದ ಸಂತೋಷ ನನ್ನ ಮದುವೆ ದಿನವೂ ಆಗಿರಲಿಲ್ಲ. ಇದನ್ನು ನಮ್ಮ ಯಜಮಾನರಿಗೂ ಹೇಳಿದ್ದೇನೆ.

ನ್ಯಾಮತಿಯವರು ಗಟ್ಟಿ ಆಸಾಮಿಗಳು. ಭುಜಕ್ಕೆ ಭುಜ ಕೊಟ್ಟು ಆಡಿದರು. ಕೊನೆಗೆ ಪೆನಾಲ್ಟಿಯಲ್ಲಿ ಒಂದರಿಂದ ಗೆದ್ದೆವು. ಆ ಕಡೆಯಿಂದ ಜಗಳೂರನ್ನು ಸೋಲಿಸಿ ಹೊನ್ನಾಳಿಯವರು ಫೈನಲ್‌ಗೆ ಬಂದರು. ಅವರದೇ ಊರು, ಅವರದೇ ಮೈದಾನ. ಹೋದ ಸಲವೂ ಕಪ್ ಅವರದೇ. ನಮ್ಮ ಹೆಸರನ್ನು ಮೈಕಿನಲ್ಲಿ ಕೂಗುವವನಿಗೆ ಕೊನೆಯ ದಿನದವರೆಗೂ ಸರಿಯಾಗಿ ಹೇಳಲು ಬರಲಿಲ್ಲ.

ಫೈನಲ್ ದಿನ ಊರಿನಲ್ಲಿ ಜೋಳ ಕಾಯಲು ನಾಲ್ಕು ಜನ ಬಿಟ್ಟು ಮಿಕ್ಕವರೆಲ್ಲ ಲಗೇಜ್ ಗಾಡಿ, ಟ್ರ್ಯಾಕ್ಟರ್, ಬೈಕು ಹತ್ತಿ ಹೊರಟೆವು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟಿದ್ದರು. ಹೊನ್ನಾಳಿಯ ಮೈದಾನಕ್ಕೆ ಆಗ ಕಾಂಪೌಂಡ್ ಇರಲಿಲ್ಲ. ಪಕ್ಕದ ಮನೆಯವರು ಅಲ್ಲೂ ಜೋಳ ಹರಡಿದ್ದರು. ಟೂರ್ನಮೆಂಟಿನವರು ಕೇಳಿಕೊಂಡದ್ದಕ್ಕೆ ಬಹುಪಾಲು ಬಳಿದುಕೊಂಡಿದ್ದರು. ಒಂದು ಪಟ್ಟಿ ಮಾತ್ರ, ಸುಣ್ಣದ ಗೆರೆಗೆ ಎರಡು ಹೆಜ್ಜೆ ದೂರದಲ್ಲಿ, ಹಾಗೇ ಬಿಟ್ಟಿದ್ದರು. ಅದನ್ನು ನೋಡಿ ನನಗೆ ಖುಷಿಯೇ ಆಗಿತ್ತು, ನಮ್ಮ ಹುಡುಗರಿಗೆ ನಮ್ಮೂರಲ್ಲೇ ಆಡಿದ ಹಾಗಿರುತ್ತದೆ ಅಂತ. ಸೋತು ಹೋದ ಜಗಳೂರಿನ ಜನ ಮನೆಗೆ ಹೋಗದೆ ನಮ್ಮ ಪಕ್ಕ ಬಂದು ಕೂತರು. ಟವೆಲ್ಲು ಸುತ್ತಿದ ಒಬ್ಬ ಯಜಮಾನರು, "ನಮ್ಮೋರ್ನ ಸೋಲ್ಸ್ಯಾರೆ, ಇವತ್ತು ನಾವು ನಿಮ್ಮೂರೋರೇ ನೋಡ್ರಿ" ಅಂದರು.

ಹೊನ್ನಾಳಿಯವರು ಮೊದಲು ಒಂದು ಗೋಲು ಹೊಡೆದರು. ಎರಡನೇ ಅರ್ಧದಲ್ಲಿ ಸಿದ್ದು ಸಮ ಮಾಡಿದ. ಆಮೇಲಿನ ಇಪ್ಪತ್ತು ನಿಮಿಷ ಚೆಂಡು ನಮ್ಮವರ ಕಾಲಲ್ಲೇ ಇತ್ತು. ಹೊನ್ನಾಳಿಯವರ ಕಡೆ ಶಬ್ದವೇ ನಿಂತು ಹೋಗಿತ್ತು. ಗೆಲ್ಲುತ್ತೇವೆ ಅಂತ ನನಗೆ ಗೊತ್ತಾಗಿತ್ತು. ಅನ್ನಿಸಿತ್ತು ಅಂತ ಹೇಳುತ್ತಿಲ್ಲ, ಗೊತ್ತಾಗಿತ್ತು.

ಇನ್ನೇನು ಮುಗಿಯುವುದಿತ್ತು. ಎಡಗಡೆ ಅಂಚಿನಲ್ಲಿ ಹಾಲೇಶನೂ ಅವರವನೊಬ್ಬನೂ ಒಟ್ಟಿಗೆ ಚೆಂಡಿಗೆ ಕಾಲು ಹಾಕಿದರು. ಚೆಂಡು ಚಿಮ್ಮಿ ಗೆರೆ ದಾಟಿ ಜೋಳದ ನಡುವೆ ಬಿತ್ತು. ಹಾಲೇಶ ಅದರ ಹಿಂದೆಯೇ ಓಡಿದ. ಓಡಿದವನು ಜೋಳದ ಅಂಚಿಗೆ ಬಂದು ನಿಂತ. ನಿಂತು, ಕೂತು, ಲೇಸಿಗೆ ಕೈ ಹಾಕಿದ.

ಮೈದಾನದಲ್ಲಿ ಮೊದಲು ನೋಡಿದವಳು ನಾನೇ ಇರಬೇಕು. ಯಾಕೆಂದರೆ ಆ ಕೂರುವುದನ್ನು ನಾನು ಎರಡು ತಿಂಗಳು ದಿನಾ ನೋಡಿದ್ದೆ. ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. "ತುಳಿಯೋ ಹಾಲೇಶ, ತುಳಿಯೋ." ಅತ್ತೆ ತಿರುಗಿ ನನ್ನ ಮುಖ ನೋಡಿದರು.

ಥ್ರೋ ಹೊನ್ನಾಳಿಯವರದು ಅಂತ ರೆಫರಿ ಕೈ ತೋರಿಸಿದ್ದ. ಹಾಲೇಶ ಆ ಕಡೆ ನೋಡಿರಲೇ ಇಲ್ಲ. ಅವನು ಬೂಟು ಬಿಚ್ಚಿ ಜೋಳಕ್ಕೆ ಇಳಿಯುವಷ್ಟರಲ್ಲಿ ಅವರ ಕಡೆಯ ಯಾರೋ ಇನ್ನೊಂದು ಚೆಂಡು ಹುಡುಕಿ ಎಸೆದರು, ಅವರು ತಕ್ಷಣ ಥ್ರೋ ತೆಗೆದುಕೊಂಡರು. ಅದರಲ್ಲಿ ಮೋಸವೇನೂ ಇಲ್ಲ, ನಾವಾಗಿದ್ದರೂ ಹಾಗೇ ಮಾಡುತ್ತಿದ್ದೆವು. ನಮ್ಮ ಎಡಗಡೆ ಪೂರ್ತಿ ಬಯಲು. ಅವರವನು ಅಲ್ಲಿಂದ ನಡೆದು ಹೋದ ಅಂತಲೇ ಹೇಳಬೇಕು. ಗೋಲು ಬಿದ್ದಾಗ ನನ್ನ ಮೈದುನ ಬರಿಗಾಲಲ್ಲಿ ಜೋಳದ ನಡುವೆ ನಿಂತಿದ್ದ, ಎರಡು ಕೈಯಲ್ಲಿ ಚೆಂಡು ಹಿಡಿದುಕೊಂಡು. ಬರುವಾಗ ಅರ್ಧ ಸಾಲು ಕಾಲಾಡಿಸಿಯೂ ಇದ್ದ.

ಸೋತದ್ದಕ್ಕೆ ನಾನು ಅಳಲಿಲ್ಲ. ನಕ್ಕರಲ್ಲ, ಅದಕ್ಕೆ ಅಳು ಬಂತು. ಇಡೀ ಮೈದಾನ ನಕ್ಕಿತು. ಮೈಕಿನವನೂ ಮೈಕಿನಲ್ಲೇ ನಕ್ಕ. ರನ್ನರ್ ಅಪ್ ಕಪ್ಪು ತೆಗೆದುಕೊಳ್ಳಲು ಹೋದಾಗ ಯಾರೋ ಹಿಂದಿನಿಂದ, "ಸ್ಟೇಜ್ ಮ್ಯಾಲೆ ಬೂಟು ಬಿಚ್ಚಿ ಹತ್ತಪ್ಪೋ" ಅಂತ ಕೂಗಿದರು. ಹಾಲೇಶ ಹತ್ತಲೇ ಇಲ್ಲ. ಜಗಳೂರಿನ ಯಜಮಾನರು ಮಾತ್ರ ಗುಂಪು ಸೀಳಿಕೊಂಡು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ನಗೋರು ನಗ್ಲಿ ಬಿಡೋ ತಮ್ಮಾ. ಬೂಟಿನ ಕಾಲಾಗೆ ಕಾಳಿನ ಮ್ಯಾಲೆ ಹೆಂಗೆ ಓಡಾಕೆ ಬರ್ತೈತೆ? ನಾನಾದ್ರೂ ನಿಲ್ತಿದ್ದೆ" ಅಂದರು. ಅವನು ಕೇಳಿಸಿಕೊಂಡನೋ ಇಲ್ಲವೋ ಗೊತ್ತಾಗಲಿಲ್ಲ.

ವಾಪಸು ಬರುವಾಗ ಗಾಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮರುದಿನ ಬೆಳಗಾಗುವುದರೊಳಗೆ ವಿಡಿಯೋ ಎಲ್ಲ ಕಡೆ ಓಡಾಡಿತು. ಹಾಲೇಶ ಲೇಸು ಬಿಚ್ಚುವುದಕ್ಕೆ ಯಾರೋ ಶಹನಾಯಿ ಹಾಕಿದ್ದರು. ಚನ್ನಗಿರಿಯಿಂದ ಬಂತು, ನ್ಯಾಮತಿಯಿಂದ ಬಂತು, ಕಡೆಗೆ ನಮ್ಮ ಸೂಪರ್‌ವೈಸರ್ ಮೇಡಂ ಕೂಡ ನಗುವ ಚಿತ್ರ ಸೇರಿಸಿ ನನಗೇ ಕಳಿಸಿದರು. ಅದು ನನ್ನ ಮೈದುನ ಮೇಡಂ ಅಂತ ಬರೆದೆ. ಅಳಿಸಿಬಿಟ್ಟರು. ಹೊರಗಿನವರ ನಗುವನ್ನು ತಡೆದುಕೊಳ್ಳಬಹುದಿತ್ತು. ನಮ್ಮೂರಿನ ಕಟ್ಟೆಯಲ್ಲೇ, ನಿನ್ನೆ ಮೊನ್ನೆ ಜೈ ಅಂದವರೇ, ಅವನೊಬ್ಬನಿಂದ ಹೋಯಿತು ಕಪ್ಪು ಅನ್ನತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಅವನೊಬ್ಬನಿಂದ ಹೋಗಿದ್ದರೆ ಅವನೊಬ್ಬನಿಂದ ಎಷ್ಟು ಸಲ ಉಳಿದಿತ್ತು ಅಂತ ಯಾರೂ ಎಣಿಸಲಿಲ್ಲ.

ಹಾಲೇಶ ಮಷಿನ್ ತೆಗೆದುಕೊಂಡು ಜಗಳೂರು ಕಡೆ ಹೊರಟುಹೋದ. ಅಲ್ಲಿ ಜೋಳ ತಡವಾಗಿ ಬರುತ್ತದೆ, ಕೆಲಸ ಇತ್ತು, ನಿಜ. ಆದರೆ ಬೇರೆ ವರ್ಷ ಎರಡು ದಿನಕ್ಕೊಮ್ಮೆ ಬಂದು ಹೋಗುವವನು ಹತ್ತು ದಿನವಾದರೂ ಬರಲಿಲ್ಲ. ಫೋನು ಎತ್ತಲಿಲ್ಲ. ಬೂಟನ್ನು ಮನೆಯ ಅಟ್ಟದ ಮೇಲೆ ಎಸೆದು ಹೋಗಿದ್ದ. ಮೈದಾನದಲ್ಲಿ ಆಟ ನಿಂತುಹೋಯಿತು. ಸಿದ್ದು ಒಂದು ಸಾಯಂಕಾಲ ಅಂಗನವಾಡಿ ಬಾಗಿಲಿಗೆ ಬಂದು ನಿಂತ.

"ಟೀಚರ್, ಹಾಲೇಶ ಇನ್ಮ್ಯಾಲೆ ಆಡಲ್ಲಂತೆ. ಮೆಸೇಜ್ ಹಾಕ್ಯಾನೆ. ಅವ್ನಿಲ್ಲಾಂದ್ರೆ ನಾನೂ ಆಡಲ್ಲ. ನಾವಿಬ್ರೂ ಇಲ್ಲಾಂದ್ರೆ ಟೀಮೇ ಇರಲ್ಲ."

"ನೀನು ಹೇಳಾಕಿಲ್ಲೇನು ಅವ್ನಿಗೆ?"

"ನಾನು ಹೇಳಿದ್ರೆ ಏನು ಬಂತು? ಕಾನೂನು ನಿಮ್ದು" ಅಂದ. ಬೇಕಂತಲೇ ಚುಚ್ಚಿದನೋ, ಸಹಜವಾಗಿ ಅಂದನೋ, ನನಗಂತೂ ನಾಟಿತು. ಆ ಹತ್ತು ದಿನ ನಾನು ಊಟಕ್ಕೆ ಕೂತರೆ ಅತ್ತೆಯ ಆ ನೋಟ ನೆನಪಾಗುತ್ತಿತ್ತು. ಬೋರ್ಡಿನ ಮೇಲೆ ಬರೆದವಳೂ ನಾನೇ, ಸೋಲು ಕಣ್ಣ ಮುಂದೆ ಬಂದಾಗ ತುಳಿ ಅಂದವಳೂ ನಾನೇ. ನನ್ನ ಮಾತಿಗೆ ನಾನೇ ನಿಲ್ಲಲಿಲ್ಲ, ಅವನು ನಿಂತ. ನಗುವವರು ಅವನನ್ನು ನೋಡಿ ನಗುತ್ತಿದ್ದರು.

ಮುಂದಿನ ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಸಭೆಯಂತೆ ಸೇರಿದರು. ಕರೆದವರು ನಮ್ಮ ಬೀದಿಯ ಪಂಚಾಯಿತಿ ಮೆಂಬರು. ಒಳ್ಳೆಯ ಮನುಷ್ಯರೇ, ಆದರೆ ಊರಿನ ಮರ್ಯಾದೆ ಅಂದರೆ ತಮ್ಮ ಮರ್ಯಾದೆ ಅಂತ ತಿಳಿದವರು. ಹಾಲೇಶನ ಮಷಿನ್ ಆ ದಿನ ನಮ್ಮೂರಿನ ಕೊನೆಯ ತೆನೆ ಬಿಡಿಸಬೇಕಿತ್ತು, ಹಾಗಾಗಿ ಅವನೂ ಬಂದಿದ್ದ. ಟ್ರ್ಯಾಕ್ಟರ್ ಮೇಲಿಂದ ಇಳಿಯಲಿಲ್ಲ. ಕೆಳಗೆ ನೋಡಿಕೊಂಡು ಕೂತಿದ್ದ. ಮುಖ ಇಳಿದುಹೋಗಿತ್ತು.

"ನೋಡ್ರಪ್ಪಾ, ಆಗಿದ್ದು ಆಗಿಹೋತು" ಅಂದರು ಮೆಂಬರು. "ಇನ್ಮ್ಯಾಲೆ ಈ ಬೂಟು ಬಿಚ್ಚೋದು, ಕಾಲಾಡ್ಸೋದು ಎಲ್ಲ ಬಂದ್. ಆಟ ಅಂದ್ರೆ ಆಟ, ಜ್ವಾಳ ಅಂದ್ರೆ ಜ್ವಾಳ. ಬಾಲ್ ಬಿದ್ರೆ ಹಂಗೇ ನುಗ್ಗಿ ತರ್ಬೇಕು. ರೂಢಿ ತಪ್ಬೇಕಲ್ಲ ಮತ್ತೆ. ಏನಂತೀರಿ ರುದ್ರಮ್ಮಾ?"

ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಹಾಲೇಶನನ್ನೇ ನೋಡುತ್ತಾ, "ನನ್ನ ಮಗನ ಮಾರಿ ನೋಡಾಕಾಗ್ತಿಲ್ಲ. ತುಳೀಲಿ ಬಿಡ್ರಿ. ಒಂದು ಚೀಲ ಜ್ವಾಳ ಹೋದ್ರೆ ಹೋಗ್ಲಿ" ಅಂದರು. ಆ ಮಾತು ಆಡಲು ಅವರಿಗೆ ಎಷ್ಟು ಕಷ್ಟವಾಯಿತು ಅಂತ ನನಗೆ ಮಾತ್ರ ಗೊತ್ತು.

ನಾನು ಎದ್ದು ನಿಂತೆ. ಗಂಡಸರ ನಡುವೆ ಅಷ್ಟು ಜೋರಾಗಿ ಮಾತಾಡಿದ್ದು ಅವತ್ತೇ ಮೊದಲು.

"ಕಾನೂನು ಬರ್ದೋಳು ನಾನು. ಫೈನಲ್ ದಿನ ತುಳಿ ಅಂತ ಕೂಗಿದೋಳೂ ನಾನು. ನೀವ್ಯಾರೂ ಕೇಳಿಲ್ಲ, ಗದ್ದಲದಾಗೆ. ಅತ್ತೆ ಕೇಳ್ಯಾರೆ. ಕಪ್ಪಿನ ಆಸೆಗೆ ನನ್ನ ಬಾಯಿಂದ ಬಂತು. ತಪ್ಪು ಯಾರಾದ್ರೂ ಮಾಡಿದ್ರೆ ಅದು ನಾನು. ನಗಬೇಕಂದ್ರೆ ನನ್ನ ನೋಡಿ ನಗ್ರಿ."

ಯಾರೂ ನಗಲಿಲ್ಲ. ಟ್ರ್ಯಾಕ್ಟರ್ ಮೇಲಿಂದ ಹಾಲೇಶ ಮೊದಲ ಸಲ ತಲೆ ಎತ್ತಿದ.

"ನಂಗೂ ಕೇಳ್ತು ಅತ್ತಿಗೆ" ಅಂದ. "ನೀವು ತುಳಿ ಅಂದಿದ್ದು. ಕೇಳೇ ಬಿಚ್ಚಿದ್ದು."

ಹತ್ತು ದಿನದಿಂದ ಎಲ್ಲರೂ, ನಾನೂ ಸೇರಿ, ಅವನು ರೂಢಿಯಿಂದ, ಮೈಮರೆತು ಕೂತುಬಿಟ್ಟ ಅಂತಲೇ ತಿಳಿದಿದ್ದೆವು.

ಮೆಂಬರು ಟ್ರ್ಯಾಕ್ಟರ್ ಹತ್ತಿರಕ್ಕೆ ಬಂದರು. "ಅಂದ್ರೆ, ಗೊತ್ತಿದ್ದೂ ಗೊತ್ತಿದ್ದೂ ಬಿಚ್ಚಿದೇನೋ?"

"ಕೂತಿದ್ದು ರೂಢಿಗೆ. ಕೂತ ಮ್ಯಾಲೆ ಅತ್ತಿಗೆ ಕೂಗಿದ್ದು ಕೇಳ್ತು, ಅವ್ವ ಅಲ್ಲೇ ಕುಂತದ್ದೂ ನೆಪ್ಪಾತು. ಎದ್ದು ತುಳ್ಕೊಂಡು ಹೋಗ್ಬಹುದಿತ್ತು. ಕಾಲು ಬರ್ಲಿಲ್ಲ" ಅಂದ. ಟ್ರ್ಯಾಕ್ಟರ್‌ನಿಂದ ಇಳಿದು ಬಂದು ಅತ್ತೆಯ ಪಕ್ಕ ನಿಂತ. "ಥ್ರೋ ಯಾರ್ದು ಅಂತ ನೋಡ್ದೇ ಓಡಿದ್ದು ನನ್ನ ತಪ್ಪು. ಅದ್ಕೆ ಬೇಕಾದ್ರೆ ಬೈರಿ, ಕೇಳ್ತೀನಿ. ಬೂಟು ಬಿಚ್ಚಿದ್ದಕ್ಕೆ ಬೈಬ್ಯಾಡ್ರಿ. ಇನ್ನೊಂದು ಸಲ ಬಿದ್ರೂ ಬಿಚ್ಚೋನೇ. ಗಂಟು ಸಡ್ಲ ಕಟ್ತೀನಿ, ಅಷ್ಟೇ."

ಮೊದಲು ನಕ್ಕವನು ಸಿದ್ದು. ಆಮೇಲೆ ಎಲ್ಲರೂ. ಈ ನಗು ಬೇರೆ ಇತ್ತು, ಮೆಂಬರು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಮಗನ ತೋಳಿಗೆ ಒಂದು ಏಟು ಹಾಕಿ, ಹೋಗು ತೆನೆ ಬಿಡಿಸು ಅಂದರು. ಅವತ್ತು ಸಾಯಂಕಾಲ ಅವನು ಅಟ್ಟ ಹತ್ತಿ ಬೂಟು ಇಳಿಸಿದ. ನಾನು ಬೋರ್ಡಿನ ಮೇಲೆ ಮಾಸಿಹೋಗಿದ್ದ ಅಕ್ಷರಗಳನ್ನು ತಿದ್ದಿ ಬರೆದೆ. ಒಂದು ಪದವನ್ನೂ ಬದಲಿಸಲಿಲ್ಲ.

ಮುಂದಿನ ಪುಷ್ಯಕ್ಕೆ ಮತ್ತೆ ಹೊನ್ನಾಳಿಗೆ ಹೋದೆವು. ಹಾಲೇಶ ಮೈದಾನಕ್ಕೆ ಇಳಿದ ಕೂಡಲೇ ಜನ ಶಹನಾಯಿ ಊದಿದ ಹಾಗೆ ಬಾಯಲ್ಲಿ ಶಬ್ದ ಮಾಡಿದರು. ನಾವು ಅದಕ್ಕಿಂತ ಜೋರಾಗಿ ಅವನ ಹೆಸರು ಕೂಗಿದೆವು, ಅತ್ತೆ ಎಲ್ಲರಿಗಿಂತ ಜೋರಾಗಿ. ಮೊದಲ ಮ್ಯಾಚಿನಲ್ಲೇ ಮೂರು ಗೋಲು ತಿಂದು ಸೋತೆವು. ಹಾಲೇಶ ನಿಂತಿದ್ದ ಎಡಗಡೆಯಿಂದ ಒಂದೂ ಬರಲಿಲ್ಲ.